ಅಹವಾಲಿನಿಂದ ಶಾಸನದತ್ತ: ಮೈಸೂರು ಪ್ರಜಾಪ್ರತಿನಿಧಿ ಸಭೆ, 1881–1949

ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳು ಆರಂಭವಾಗುವ ಹೊತ್ತಿಗೆ, ಕಾನೂನು ಮಾಡುವ ಕೆಲಸದಲ್ಲಿ ಪ್ರಜೆಗಳಿಗೂ ಪಾಲಿದೆ ಎಂಬ ಭಾವನೆ ಭಾರತದ ಆಡಳಿತದಲ್ಲಿ ಬೇರು ಬಿಟ್ಟಿರಲಿಲ್ಲ. ಬ್ರಿಟಿಷರ ನೇರ ಆಳ್ವಿಕೆಯ ಪ್ರಾಂತಗಳಲ್ಲಿ 1861ರ ಕಾಯಿದೆಯಂತೆ ಶಾಸನ ಸಭೆಗಳು ಇದ್ದುವಾದರೂ, ಅವುಗಳಲ್ಲಿ ಕುಳಿತ ಭಾರತೀಯರು ಗವರ್ನರರು ಹೆಸರಿಸಿ ಕರೆಸಿಕೊಂಡ ಕೆಲವೇ ಗಣ್ಯರಾಗಿದ್ದರು. ದೇಶೀ ಸಂಸ್ಥಾನಗಳಲ್ಲಂತೂ ಅರಸನ ಅಪ್ಪಣೆಯೇ ಕಾನೂನು, ದಿವಾನನ ಕಚೇರಿಯೇ ಸರ್ಕಾರ. ಇಂಥ ಕಾಲದಲ್ಲಿ, 1881ರ ಆಗಸ್ಟ್ 25ರಂದು, ಮೈಸೂರು ಸರ್ಕಾರವು ಒಂದು ಆಜ್ಞೆಯನ್ನು ಹೊರಡಿಸಿ, ಪ್ರತಿ ವರ್ಷ ದಸರಾ ಉತ್ಸವದ ಸಂದರ್ಭದಲ್ಲಿ ಸಂಸ್ಥಾನದ ಎಲ್ಲ ತಾಲ್ಲೂಕುಗಳ ಪ್ರತಿನಿಧಿಗಳನ್ನು ರಾಜಧಾನಿಗೆ ಕರೆಸಿ, ಹಿಂದಿನ ವರ್ಷದ ಆಡಳಿತದ ವಿವರವನ್ನು ಅವರ ಮುಂದಿಟ್ಟು, ಅವರ ಅಭಿಪ್ರಾಯವನ್ನು ಕೇಳಲಾಗುವುದೆಂದು ಸಾರಿತು. ಭಾರತೀಯ ರಾಷ್ಟ್ರೀಯ ಕಾಂಗ್ರೆಸ್ಸು ಹುಟ್ಟಲು ಇನ್ನೂ ನಾಲ್ಕು ವರ್ಷ ಬಾಕಿಯಿತ್ತು. ಸ್ಥಳೀಯ ಸ್ವಯಮಾಡಳಿತವನ್ನು ಕುರಿತ ಲಾರ್ಡ್ ರಿಪನ್ನನ ಪ್ರಸಿದ್ಧ ನಿರ್ಣಯವೂ ಹೊರಬಿದ್ದಿರಲಿಲ್ಲ. ಮೈಸೂರು ಪ್ರಜಾಪ್ರತಿನಿಧಿ ಸಭೆಯೆಂದು ಹೆಸರಾದ ಈ ಸಂಸ್ಥೆ ಅರವತ್ತೆಂಟು ವರ್ಷ ಬಾಳಿತು. ಅದರ ಚರಿತ್ರೆಯು ಬಹುಮಟ್ಟಿಗೆ, ಅಧಿಕಾರವಿಲ್ಲದ ಸಭೆಯೊಂದು ಬರಿಯ ಕೇಳುವಿಕೆಯ ಬಲದಿಂದ ಸರ್ಕಾರವನ್ನು ಉತ್ತರ ಕೊಡುವ ಅಭ್ಯಾಸಕ್ಕೆ ತಂದುದರ ಚರಿತ್ರೆ, ಮತ್ತು ಆ ಅಭ್ಯಾಸ ಎಲ್ಲಿಗೆ ಬಂದು ನಿಂತಿತೆಂಬುದರ ಚರಿತ್ರೆ.

ಸಭೆಯ ಹುಟ್ಟನ್ನು ಅರ್ಥಮಾಡಿಕೊಳ್ಳಲು ಅದರ ಹಿಂದಿನ ಐವತ್ತು ವರ್ಷಗಳನ್ನು ನೋಡಬೇಕಾಗುತ್ತದೆ. 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಆಡಳಿತವನ್ನು ಕಿತ್ತುಕೊಂಡ ಬ್ರಿಟಿಷರು ಕಮಿಷನರುಗಳ ಮೂಲಕ ಸಂಸ್ಥಾನವನ್ನು ಆಳಿದರು. ರಸ್ತೆ, ನ್ಯಾಯಾಲಯ, ಸರ್ವೆ, ಶಾಲೆ ಇವೆಲ್ಲ ಆ ಕಾಲದಲ್ಲಿ ಬೆಳೆದುವಾದರೂ, ಆಡಳಿತಕ್ಕೂ ಜನರಿಗೂ ನಡುವೆ ಇದ್ದದ್ದು ಕಂದಾಯ ವಸೂಲಿ ಮಾಡುವ ಅಮಲ್ದಾರನೊಬ್ಬನೇ. ಆ ಆಳ್ವಿಕೆಯ ಕೊನೆಯಲ್ಲಿ, 1876ರಿಂದ 1878ರವರೆಗೆ ಬಿದ್ದ ಮಹಾಕ್ಷಾಮ ಸಂಸ್ಥಾನವನ್ನು ನಡುಗಿಸಿತು. 1871ರ ಜನಗಣತಿಯಲ್ಲಿ ಐವತ್ತು ಲಕ್ಷವನ್ನು ಮೀರಿದ್ದ ಜನಸಂಖ್ಯೆ 1881ರ ಗಣತಿಯಲ್ಲಿ ನಲವತ್ತೆರಡು ಲಕ್ಷದ ಒಳಗಿತ್ತು. 1881ರ ಮಾರ್ಚ್ 25ರಂದು ಹದಿನೆಂಟು ವರ್ಷದ ಚಾಮರಾಜೇಂದ್ರ ಒಡೆಯರಿಗೆ ರಾಜ್ಯವನ್ನು ಹಿಂತಿರುಗಿಸಿದಾಗ, ಅದರ ಜೊತೆಗೆ ಬಂದದ್ದು ಬರಿದಾದ ಖಜಾನೆ ಮತ್ತು ಕ್ಷಾಮದ ಕಾಲದಲ್ಲಿ ಮಾಡಿದ 80 ಲಕ್ಷ ರೂಪಾಯಿ ಸಾಲ. ಹಸ್ತಾಂತರ ಪತ್ರವೆಂದು ಕರೆಯಲಾಗುವ ದಸ್ತಾವೇಜಿನಲ್ಲಿ, ಅಂದರೆ ಯಾವ ಷರತ್ತುಗಳ ಮೇಲೆ ರಾಜ್ಯವನ್ನು ಮರಳಿಸಲಾಯಿತೋ ಆ ಷರತ್ತುಗಳ ಪಟ್ಟಿಯಲ್ಲಿ, ಆಗ ಜಾರಿಯಲ್ಲಿದ್ದ ಕಾನೂನುಗಳನ್ನಾಗಲಿ ಆಡಳಿತದ ಕ್ರಮವನ್ನಾಗಲಿ ಗವರ್ನರ್ ಜನರಲರ ಒಪ್ಪಿಗೆಯಿಲ್ಲದೆ ಮುಖ್ಯವಾಗಿ ಬದಲಾಯಿಸಕೂಡದೆಂಬ ನಿರ್ಬಂಧವಿತ್ತು. ಬ್ರಿಟಿಷ್ ಸರ್ಕಾರಕ್ಕೆ ವರ್ಷವರ್ಷವೂ ಸಲ್ಲಬೇಕಾದ ಪೊಗದಿಯನ್ನು ಇಪ್ಪತ್ತನಾಲ್ಕೂವರೆ ಲಕ್ಷದಿಂದ ಮೂವತ್ತೈದು ಲಕ್ಷಕ್ಕೆ ಏರಿಸಲಾಗಿತ್ತು, ಕ್ಷಾಮದ ಪೆಟ್ಟನ್ನು ಕಂಡು ಆ ಏರಿಕೆಯ ಜಾರಿಯನ್ನಷ್ಟೇ ಮುಂದಕ್ಕೆ ಹಾಕಲಾಗಿತ್ತು. ಹೀಗೆ ಮೇಲೆ ಬ್ರಿಟಿಷ್ ರೆಸಿಡೆಂಟನ ಕಣ್ಣು, ಕೆಳಗೆ ಸೋತ ರೈತ, ನಡುವೆ ಸಾಲದ ಹೊರೆ: ಹೊಸ ಸರ್ಕಾರ ಇಲ್ಲಿಂದ ಹೊರಡಬೇಕಾಯಿತು.

ಅದರ ಮೊದಲ ದಿವಾನ ಸಿ. ವಿ. ರಂಗಾಚಾರ್ಲು. ಮದರಾಸು ಪ್ರಾಂತದ ಚೆಂಗಲ್ಪಟ್ಟು ಸೀಮೆಯವರಾದ ಅವರು ಅಲ್ಲಿನ ಕಂದಾಯ ಇಲಾಖೆಯಲ್ಲಿ ಪಳಗಿ, 1868ರಲ್ಲಿ ಅರಮನೆಯ ಲೆಕ್ಕಪತ್ರಗಳನ್ನು ಸರಿಪಡಿಸಲೆಂದು ಮೈಸೂರಿಗೆ ಬಂದವರು. 1874ರಲ್ಲಿ ಮೈಸೂರಿನ ಬ್ರಿಟಿಷ್ ಆಡಳಿತವನ್ನು ಕುರಿತು ಲಂಡನ್ನಿನಲ್ಲಿ ಒಂದು ಪುಸ್ತಿಕೆಯನ್ನು ಪ್ರಕಟಿಸಿ, ದುಬಾರಿ ಸಂಬಳದ ಅಧಿಕಾರಿ ವರ್ಗವೊಂದು ಜನರಿಂದ ದೂರವಾಗಿ ನಡೆಸುವ ಆಡಳಿತದ ದೋಷಗಳನ್ನು ಎತ್ತಿ ತೋರಿಸಿದ್ದರು. ಪ್ರಜಾಪ್ರತಿನಿಧಿ ಸಭೆಯ ಆಲೋಚನೆ ಆ ಟೀಕೆಯ ಮುಂದುವರಿಕೆಯೇ ಎನ್ನಬಹುದು. ಆಗಸ್ಟ್ ಆಜ್ಞೆಯ ಧಾಟಿ ಗಮನಾರ್ಹವಾದುದು: ಸರ್ಕಾರದ ಉದ್ದೇಶಗಳು ಯಾರ ಹಿತಕ್ಕಾಗಿ ರೂಪುಗೊಂಡಿವೆಯೋ ಅವರಿಗೇ ಅವು ಸರಿಯಾಗಿ ತಿಳಿಯಬೇಕು, ಸರ್ಕಾರದ ಹಿತವೂ ಜನರ ಹಿತವೂ ಒಂದೇ ಎಂಬುದು ಇಬ್ಬರಿಗೂ ಮನವರಿಕೆಯಾಗಬೇಕು ಎಂಬುದು ಅದರ ಸಾರ. ಹಕ್ಕು ಎಂಬ ಮಾತು ಅಲ್ಲೆಲ್ಲೂ ಕೇಳಿಬರುವುದಿಲ್ಲ. ರಂಗಾಚಾರ್ಲು ಅವರು ಪಾರ್ಲಿಮೆಂಟನ್ನು ಸ್ಥಾಪಿಸಲು ಹೊರಟಿರಲಿಲ್ಲ, ಹೊರಟಿದ್ದರೂ ಹಸ್ತಾಂತರ ಪತ್ರ ಅದಕ್ಕೆ ಎಡೆಗೊಡುತ್ತಿರಲಿಲ್ಲ. ಕೇವಲ ಕಾರ್ಯಾಂಗದ ಆಜ್ಞೆಯಿಂದ ಸಭೆಯನ್ನು ಕರೆದದ್ದರಲ್ಲಿಯೇ ಅವರ ಜಾಣತನವಿದೆ, ಏಕೆಂದರೆ ಕಾನೂನಿನ ಯಾವ ಅಧಿಕಾರವೂ ಇಲ್ಲದ ಕೂಟವೊಂದು ಆಡಳಿತಕ್ರಮದ ಬದಲಾವಣೆಯಾಗುವುದಿಲ್ಲವೆಂದು ಯಾರಿಗಾದರೂ ಹೇಳಬಹುದಾಗಿತ್ತು.

ಮೊದಲ ಅಧಿವೇಶನ 1881ರ ಅಕ್ಟೋಬರ್ 7ರಂದು ಮೈಸೂರಿನಲ್ಲಿ ಸೇರಿತು. ಬಂದ ಪ್ರತಿನಿಧಿಗಳು 144 ಮಂದಿ. ಪ್ರತಿ ತಾಲ್ಲೂಕಿನಿಂದ ಒಬ್ಬರು ಅಥವಾ ಇಬ್ಬರು ಸಾಗುವಳಿ ಮಾಡುವ ಭೂಮಾಲೀಕರು, ಪ್ರತಿ ಜಿಲ್ಲೆಯಿಂದ ಮೂವರು ನಾಲ್ವರು ಪ್ರಮುಖ ವರ್ತಕರು ಬರತಕ್ಕದ್ದೆಂದೂ, ಅವರು ಲೋಕಜ್ಞಾನವೂ ಜನರಲ್ಲಿ ಪ್ರಭಾವವೂ ಉಳ್ಳವರಾಗಿರಬೇಕೆಂದೂ ಆಜ್ಞೆ ವಿಧಿಸಿತ್ತು. ಅವರನ್ನು ಆರಿಸಿದ್ದು ರಸ್ತೆ, ಛತ್ರ, ಆಸ್ಪತ್ರೆಗಳಂಥ ಸ್ಥಳೀಯ ಕೆಲಸಗಳಿಗೆ ಮೀಸಲಾದ ಹಣವನ್ನು ನೋಡಿಕೊಳ್ಳುತ್ತಿದ್ದ ಜಿಲ್ಲಾ ಮಂಡಳಿಗಳು. ಆ ಮಂಡಳಿಗಳ ಮೇಲೆ ಜಿಲ್ಲೆಯ ಅಧಿಕಾರಿಗಳ ಕೈ ಇತ್ತಾದ್ದರಿಂದ ಬಂದವರು ಅಧಿಕಾರಿಗಳಿಗೆ ಒಪ್ಪಿಗೆಯಾದವರೇ ಆಗಿದ್ದರೆಂದು ಹೇಳಬೇಕಾಗುತ್ತದೆ. ಕೂಲಿಯಾಳು, ಗೇಣಿದಾರ, ಕುಶಲಕರ್ಮಿ, ಹೆಂಗಸು ಇವರಲ್ಲಿ ಯಾರೂ ಅಲ್ಲಿರಲಿಲ್ಲ, ಅಸ್ಪೃಶ್ಯರೆನಿಸಿಕೊಂಡ ಜನರ ಮಾತಂತೂ ದೂರ. ದಿವಾನರು ಹಣಕಾಸು, ಕಂದಾಯ, ರೈಲುಮಾರ್ಗ ಮೊದಲಾದವುಗಳ ಸ್ಥಿತಿಯನ್ನು ವಿವರಿಸಿದರು, ಪ್ರತಿನಿಧಿಗಳು ಕೇಳಿಸಿಕೊಂಡರು, ತಮ್ಮ ಊರುಕೇರಿಗಳ ಕೊರತೆಗಳನ್ನು ಹೇಳಿಕೊಂಡರು. ನಿರ್ಣಯವಿಲ್ಲ, ಮತವಿಲ್ಲ. ಆದರೂ, ಸಂಸ್ಥಾನದ ಆದಾಯವೆಷ್ಟು, ಸಾಲವೆಷ್ಟು, ಹಣ ಯಾವುದಕ್ಕೆ ಹೋಗುತ್ತಿದೆ ಎಂಬುದನ್ನು ಸಂಸ್ಥಾನದ ಮೊದಲ ಅಧಿಕಾರಿಯು ರೈತರ ಮತ್ತು ಸಾಹುಕಾರರ ಎದುರಿಗೆ ನಿಂತು ಓದಿ ಹೇಳಿದ್ದು ಅದೇ ಮೊದಲು.

ದಸರೆಯ ದಿನಗಳನ್ನು ಆರಿಸಿಕೊಂಡದ್ದರ ಹಿಂದೆ ಅನುಕೂಲವೂ ಇತ್ತು, ಸಂಪ್ರದಾಯದ ಬೆಂಬಲವೂ ಇತ್ತು. ನವರಾತ್ರಿಯಲ್ಲಿ ಅರಸರ ದರ್ಬಾರಿಗೆ ನಾಡಿನ ಮುಖ್ಯಸ್ಥರು ಬಂದು ಕಾಣಿಕೆಯೊಪ್ಪಿಸಿ ಹೋಗುವುದು ವಿಜಯನಗರದ ಕಾಲದಿಂದ ಬಂದ ವಾಡಿಕೆಯಾಗಿದ್ದು, ಅದೇ ಹಬ್ಬದ ಗಡಿಬಿಡಿಯಲ್ಲಿ ಹೊಸ ಬಗೆಯ ಸಭೆಯೊಂದು ಸೇರಿದರೆ ಅದು ಯಾರ ಕಣ್ಣಿಗೂ ಅಪರಿಚಿತವಾಗಿ ಕಾಣುವಂತಿರಲಿಲ್ಲ. 1882ರಲ್ಲಿ ಬೆಂಗಳೂರು–ಮೈಸೂರು ರೈಲು ಓಡತೊಡಗಿದ ಮೇಲೆ ದೂರದ ಜಿಲ್ಲೆಗಳವರಿಗೆ ಪ್ರಯಾಣವೂ ಹಗುರವಾಯಿತು. ಆ ವರ್ಷದ ಎರಡನೆಯ ಅಧಿವೇಶನವನ್ನು ನಡೆಸಿ, 1883ರ ಜನವರಿಯಲ್ಲಿ ರಂಗಾಚಾರ್ಲು ತೀರಿಕೊಂಡರು. ಮೈಸೂರಿನ ಪುರಭವನ ಇಂದಿಗೂ ಅವರ ಹೆಸರನ್ನು ಹೊತ್ತು ನಿಂತಿದೆ. ಸಭೆಯನ್ನು ಹುಟ್ಟಿಸಿದವರೇ ಇಲ್ಲವಾದಾಗ ಅದು ಎರಡು ವರ್ಷದ ಸಂಭ್ರಮವಾಗಿ ಮುಗಿದುಹೋಗಬಹುದಾಗಿತ್ತು. ಮುಂದಿನ ದಿವಾನ ಕೆ. ಶೇಷಾದ್ರಿ ಅಯ್ಯರ್ ಹದಿನೆಂಟು ವರ್ಷ ಅಧಿಕಾರದಲ್ಲಿದ್ದು ಅದನ್ನು ಬಿಡದೆ ನಡೆಸಿಕೊಂಡು ಬಂದರೆಂಬುದಕ್ಕೆ, ಅವರ ಇತರ ದೊಡ್ಡ ಕೆಲಸಗಳ ನಡುವೆ, ಸಲ್ಲಬೇಕಾದಷ್ಟು ಗಮನ ಸಂದಿಲ್ಲ.

ಅವರ ಕಾಲದಲ್ಲಿಯೇ ಪ್ರತಿನಿಧಿ ಎಂಬ ಪದಕ್ಕೆ ಅದರ ನಿಜಾರ್ಥ ಬರತೊಡಗಿತು. 1887ರಲ್ಲಿ ಯಾರು ಸದಸ್ಯರಾಗಬಹುದೆಂಬುದಕ್ಕೆ ಆಸ್ತಿಯ ಅಳತೆಗೋಲನ್ನು ನಿಗದಿಗೊಳಿಸಲಾಯಿತು: ತಾಲ್ಲೂಕಿಗೆ ತಕ್ಕಂತೆ ನೂರರಿಂದ ಮುನ್ನೂರು ರೂಪಾಯಿಯವರೆಗೆ ಭೂಕಂದಾಯ ಕಟ್ಟುವವರು, ಅಥವಾ ಮನೆ, ಅಂಗಡಿ, ಮಗ್ಗ ಮೊದಲಾದವುಗಳ ಮೇಲೆ ಹಾಕುತ್ತಿದ್ದ ಮೊಹತರ್ಫಾ ಎಂಬ ತೆರಿಗೆಯನ್ನು ಹದಿಮೂರರಿಂದ ಹದಿನೇಳು ರೂಪಾಯಿಯವರೆಗೆ ಸಲ್ಲಿಸುವವರು ಈ ವರ್ಗಕ್ಕೆ ಸೇರಿದರು; ಅವರ ಜೊತೆಗೆ ಆಸ್ತಿಯುಳ್ಳ ಪದವೀಧರರಿಗೂ ಎಡೆ ದೊರೆಯಿತು. 1891ರಿಂದ ಈ ಅರ್ಹತೆಯುಳ್ಳವರು ತಮ್ಮೊಳಗಿನಿಂದಲೇ ಪ್ರತಿನಿಧಿಗಳನ್ನು ಚುನಾಯಿಸುವ ಪದ್ಧತಿ ಬಂದಿತು. ಮತದಾರರು ಜನಸಂಖ್ಯೆಯ ಅತ್ಯಲ್ಪ ಭಾಗವಾಗಿದ್ದರು, ಆ ಅಲ್ಪ ಭಾಗವೂ ಮೇಲುಜಾತಿಗಳ ಮತ್ತು ಹಣವಂತರ ಗುಂಪಾಗಿತ್ತು. ಆದರೂ, ಚುನಾಯಿತ ಎಂಬ ಹೆಸರಿಗೆ ತಕ್ಕ ಸದಸ್ಯನೊಬ್ಬ ಭಾರತದ ಸಂಸ್ಥಾನವೊಂದರ ಸಭೆಯಲ್ಲಿ ಎದ್ದುನಿಂತದ್ದು, ಬ್ರಿಟಿಷ್ ಪ್ರಾಂತಗಳಿಗೆ 1892ರ ಕಾಯಿದೆಯು ಅರೆಮನಸ್ಸಿನ ಪರೋಕ್ಷ ಆಯ್ಕೆಯನ್ನು ಕೊಡುವ ಮುನ್ನವೇ ಎಂಬುದನ್ನು ಮರೆಯುವಂತಿಲ್ಲ.

ಅಧಿವೇಶನದ ಕೆಲಸ ನಡೆಯುತ್ತಿದ್ದ ರೀತಿಯನ್ನು ತುಸು ವಿವರವಾಗಿ ನೋಡಬೇಕು, ಏಕೆಂದರೆ ಸಭೆಯ ಬಲವಿದ್ದದ್ದು ಅದರ ನಿಯಮಗಳಿಗಿಂತ ಹೆಚ್ಚಾಗಿ ಈ ರೀತಿಯಲ್ಲಿ. ಮೊದಲು ದಿವಾನರ ಭಾಷಣ: ಇಲಾಖೆ ಇಲಾಖೆಯಾಗಿ ಹಿಂದಿನ ವರ್ಷದ ಲೆಕ್ಕ, ಮಳೆಬೆಳೆ, ಕೆರೆಕಟ್ಟೆ, ಶಾಲೆ, ಆಸ್ಪತ್ರೆ, ಕೋಲಾರದ ಚಿನ್ನದ ಗಣಿಗಳಿಂದ ಬಂದ ರಾಜಧನ. ಆಮೇಲೆ ಜಿಲ್ಲೆ ಜಿಲ್ಲೆಯ, ತಾಲ್ಲೂಕು ತಾಲ್ಲೂಕಿನ ಸದಸ್ಯರ ಸರದಿ. ಒಡೆದ ಕೆರೆಯ ರಿಪೇರಿ, ಕಂದಾಯದ ಕಂತನ್ನು ಬೆಳೆ ಮಾರಿ ಕೈಗೆ ಹಣ ಬರುವ ತಿಂಗಳಿಗೆ ಸರಿಸುವುದು, ಅರಣ್ಯದಲ್ಲಿ ದನ ಮೇಯಿಸುವ ಮತ್ತು ಸೌದೆ ತರುವ ಹಕ್ಕು, ಅಡಕೆಯ ಮೇಲಿನ ಹಾಲತಿ ಎಂಬ ತೆರಿಗೆ, ಹೆಂಡದಂಗಡಿಗಳ ಜಾಗ, ಸರ್ಕಾರದ ಆಡಳಿತಕ್ಕೊಳಪಟ್ಟ ಮುಜರಾಯಿ ದೇವಸ್ಥಾನಗಳ ದುಸ್ಥಿತಿ, ಊರಿಗೊಂದು ಶಾಲೆ ಎಂಬಂಥ ಅಹವಾಲುಗಳು ಒಂದರ ಹಿಂದೊಂದು ಬರುತ್ತಿದ್ದವು. ಅವುಗಳನ್ನು ಸಂಬಂಧಪಟ್ಟ ಇಲಾಖೆಗೆ ಕಳುಹಿಸಿ, ಏನಾಯಿತೆಂಬುದನ್ನು ಸಭೆಗೆ ತಿಳಿಸಬೇಕೆಂಬ ವಾಡಿಕೆ ಬೆಳೆಯಿತು. ನಡವಳಿಗಳು ಅಚ್ಚಾಗಿ ಹೊರಬಂದವು. ಹೋದ ವರ್ಷ ಕೇಳಿದ್ದನ್ನೇ ಈ ವರ್ಷ ಮತ್ತೆ ಕೇಳಿದ ಸದಸ್ಯನ ಕೈಯಲ್ಲಿ ಹೋದ ವರ್ಷದ ಅಚ್ಚಾದ ಉತ್ತರವಿರುತ್ತಿತ್ತಾದ್ದರಿಂದ, ಸರ್ಕಾರ ತಾನು ಆಡಿದ ಮಾತಿನಿಂದ ನುಣುಚಿಕೊಳ್ಳುವುದು ಕಷ್ಟವಾಗುತ್ತ ಹೋಯಿತು. ಅಮಲ್ದಾರನ ಕಚೇರಿಯಲ್ಲಿ ತಿಂಗಳುಗಟ್ಟಲೆ ಕೊಳೆಯುವ ಅರ್ಜಿಗೂ, ದಿವಾನರ ಮುಖಕ್ಕೆ ಹೇಳಿ ಅಚ್ಚಿನಲ್ಲಿ ಉಳಿಯುವ ಅಹವಾಲಿಗೂ ಇರುವ ಅಂತರ ಸಣ್ಣದಲ್ಲ.

ಪತ್ರಿಕೆಗಳು ಈ ಕೆಲಸಕ್ಕೆ ಇನ್ನಷ್ಟು ಕಾವು ಕೊಟ್ಟವು. ಮೈಸೂರಿಗರು ತಾತಯ್ಯನೆಂದು ಕರೆಯುತ್ತಿದ್ದ ಎಂ. ವೆಂಕಟಕೃಷ್ಣಯ್ಯನವರು ವೃತ್ತಾಂತ ಚಿಂತಾಮಣಿ, ಸಂಪದಭ್ಯುದಯ ಮೊದಲಾದ ಪತ್ರಿಕೆಗಳ ಮೂಲಕ ಸಾರ್ವಜನಿಕ ಅಭಿಪ್ರಾಯವೆಂಬುದನ್ನು ರೂಪಿಸುತ್ತ, ಪ್ರಜಾಪ್ರತಿನಿಧಿ ಸಭೆಯಲ್ಲಿಯೂ ಮುಂದಾಳಾಗಿದ್ದರು. ಮೇಲಿನ ಹುದ್ದೆಗಳೆಲ್ಲ ಮದರಾಸಿನವರ ಪಾಲಾಗುತ್ತಿವೆಯೆಂಬ ದೂರು, ಮೈಸೂರು ಮೈಸೂರಿನವರಿಗೆ ಎಂಬ ಕೂಗು, ಶೇಷಾದ್ರಿ ಅಯ್ಯರರ ಮೇಲಿನ ಟೀಕೆ ಇವೆಲ್ಲಕ್ಕೂ ಪತ್ರಿಕೆಯ ಅಂಕಣ ಮತ್ತು ದಸರೆಯ ಸಭೆ ಎರಡೂ ವೇದಿಕೆಯಾದವು. ಸರ್ಕಾರಕ್ಕೆ ಇದು ಹಿಡಿಸಲಿಲ್ಲವೆಂಬುದಕ್ಕೆ 1908ರ ಪತ್ರಿಕಾ ಕಾನೂನೇ ಸಾಕ್ಷಿ. ಪತ್ರಿಕೆ ನಡೆಸಲು ಸರ್ಕಾರದ ಅನುಮತಿ ಬೇಕೆಂದು ಅದು ವಿಧಿಸಿದಾಗ ವೆಂಕಟಕೃಷ್ಣಯ್ಯನವರು ತಮ್ಮ ಪತ್ರಿಕೆಗಳನ್ನು ನಿಲ್ಲಿಸಿಬಿಟ್ಟರು. ಅಹವಾಲನ್ನು ಆಲಿಸಲು ಸಭೆ ಕರೆಯುವ ಸರ್ಕಾರವೇ ಟೀಕೆಯನ್ನು ಅಚ್ಚು ಹಾಕದಂತೆ ತಡೆಯುವುದರಲ್ಲಿ ಆ ಕಾಲದವರಿಗೆ ವಿರೋಧ ಕಾಣದಿದ್ದಿರಬಹುದು. ಮಾದರಿ ಸಂಸ್ಥಾನವೆಂಬ ಹೊಗಳಿಕೆಯನ್ನು ಓದುವಾಗ ಈ ಕಾನೂನನ್ನೂ ಪಕ್ಕಕ್ಕಿಟ್ಟುಕೊಂಡು ಓದುವುದು ಒಳ್ಳೆಯದು.

ಶಾಸನ ರಚನೆಯಲ್ಲಿ ಸಭೆಯ ಅಭಿಪ್ರಾಯ ಎಷ್ಟರ ಮಟ್ಟಿಗೆ ನಡೆಯಿತೆಂಬುದಕ್ಕೆ ಮೊದಲ ದೊಡ್ಡ ಪರೀಕ್ಷೆ ಬಾಲ್ಯವಿವಾಹದ ಪ್ರಶ್ನೆಯಲ್ಲಿ ಬಂದಿತು. ಬ್ರಿಟಿಷ್ ಭಾರತದಲ್ಲಿ 1891ರ ಸಮ್ಮತಿ ವಯಸ್ಸಿನ ಕಾಯಿದೆ ಎಬ್ಬಿಸಿದ ಬಿರುಗಾಳಿ ಇನ್ನೂ ತಣಿದಿರಲಿಲ್ಲ. ಪರಕೀಯ ಸರ್ಕಾರ ಧರ್ಮದಲ್ಲಿ ಕೈಹಾಕುತ್ತಿದೆಯೆಂಬ ಆರೋಪ ಅಲ್ಲಿ ಎಲ್ಲ ವಾದಗಳನ್ನೂ ನುಂಗಿಬಿಟ್ಟಿತ್ತು. ಮೈಸೂರಿನಲ್ಲಿ ಆ ಆರೋಪಕ್ಕೆ ಎಡೆಯಿರಲಿಲ್ಲ, ಏಕೆಂದರೆ ಅರಸನೂ ಹಿಂದೂ, ದಿವಾನನೂ ಹಿಂದೂ, ಚರ್ಚಿಸಿದವರೂ ಊರಿನ ದೊಡ್ಡ ಮನುಷ್ಯರೇ. ಪ್ರಜಾಪ್ರತಿನಿಧಿ ಸಭೆಯಲ್ಲಿ ಚರ್ಚೆಯಾದ ಬಳಿಕ 1894ರಲ್ಲಿ ಬಂದ ಶಾಸನವು ಎಂಟು ವರ್ಷ ತುಂಬದ ಹೆಣ್ಣುಮಗುವಿನ ಮದುವೆಯನ್ನೂ, ಐವತ್ತು ದಾಟಿದ ಗಂಡಸು ಹದಿನಾಲ್ಕರ ಒಳಗಿನ ಹುಡುಗಿಯನ್ನು ಮದುವೆಯಾಗುವುದನ್ನೂ ಅಪರಾಧವೆಂದು ಸಾರಿತು. ಇಂದಿನ ಕಣ್ಣಿಗೆ ಈ ಮಿತಿ ತೀರ ಕಡಿಮೆಯಾಗಿ ಕಾಣುತ್ತದೆ. ಆದರೆ ಅಂದಿನ ಸಭೆಯಲ್ಲಿ ಕುಳಿತಿದ್ದ ಭೂಮಾಲೀಕರು, ವರ್ತಕರು ತಮ್ಮ ಮನೆಗಳ ರೂಢಿಯ ಮೇಲೆಯೇ ಕಾನೂನು ಬರುವುದನ್ನು ಚರ್ಚಿಸಿದರು ಎಂಬುದು ಇಲ್ಲಿ ಮುಖ್ಯ. ಕೆರೆ ರಿಪೇರಿಯನ್ನು ಕೇಳುವುದಕ್ಕಿಂತ ಇದು ಬೇರೆಯ ಕೆಲಸ.

ಚಾಮರಾಜೇಂದ್ರರು 1894ರ ಡಿಸೆಂಬರಿನಲ್ಲಿ ಅಕಾಲ ಮರಣಕ್ಕೀಡಾಗಿ, ಮಹಾರಾಣಿ ವಾಣಿವಿಲಾಸ ಸನ್ನಿಧಾನದವರ ರಾಜಪ್ರತಿನಿಧಿ ಆಳ್ವಿಕೆ ಮುಗಿದು, 1902ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಧಿಕಾರ ವಹಿಸಿಕೊಂಡರು. 1907ರಲ್ಲಿ, ವಿ. ಪಿ. ಮಾಧವರಾಯರು ದಿವಾನರಾಗಿದ್ದಾಗ, ನ್ಯಾಯವಿಧಾಯಕ ಸಭೆಯೆಂಬ ಎರಡನೆಯ ಸಂಸ್ಥೆ ಹುಟ್ಟಿತು. ಮಸೂದೆಗಳನ್ನು, ಅಂದರೆ ಶಾಸನದ ಕರಡುಗಳನ್ನು, ಕಲಮು ಕಲಮಾಗಿ ಪರಿಶೀಲಿಸುವುದು ಇದರ ಕೆಲಸ. ದಿವಾನರು ಅಧ್ಯಕ್ಷರು, ಅವರ ಜೊತೆಗೆ ಸರ್ಕಾರಿ ಅಧಿಕಾರಿಗಳು, ನಾಮಕರಣಗೊಂಡ ಕಾನೂನುಬಲ್ಲವರು ಮತ್ತು ಪ್ರಜಾಪ್ರತಿನಿಧಿ ಸಭೆಯು ಆರಿಸಿ ಕಳುಹಿಸಿದ ಇಬ್ಬರು. ಅಲ್ಲಿಗೆ ಶಾಸನ ಮಾಡುವ ಬಾಗಿಲು ಪ್ರಜೆಗಳಿಗೆ ಒಂದು ಗೇಣು ತೆರೆಯಿತು, ಆದರೆ ಪ್ರಜಾಪ್ರತಿನಿಧಿ ಸಭೆಯು ಹೊರಗೇ ಉಳಿಯಿತು. ಹೆಚ್ಚು ಜನರಿದ್ದ ಸಭೆಗೆ ಅಧಿಕಾರವಿಲ್ಲ, ಅಧಿಕಾರವಿದ್ದ ಸಭೆಯಲ್ಲಿ ಜನರ ಕಡೆಯವರು ಇಬ್ಬರೇ. ಮುಂದಿನ ನಲವತ್ತು ವರ್ಷಗಳ ಸುಧಾರಣೆಗಳೆಲ್ಲ ಈ ಅಂತರವನ್ನು ತುಂಬಲು ನಡೆಸಿದ ಯತ್ನಗಳೇ.

1912ರಿಂದ 1918ರವರೆಗೆ ದಿವಾನರಾಗಿದ್ದ ಎಂ. ವಿಶ್ವೇಶ್ವರಯ್ಯನವರು ಎರಡೂ ಸಭೆಗಳನ್ನು ಬಳಸಿಕೊಂಡರು. ನ್ಯಾಯವಿಧಾಯಕ ಸಭೆಯ ಗಾತ್ರವನ್ನೂ ಚುನಾಯಿತ ಸದಸ್ಯರ ಸಂಖ್ಯೆಯನ್ನೂ ಹೆಚ್ಚಿಸಿ, ಪ್ರಶ್ನೆ ಕೇಳುವುದಕ್ಕೂ ವಾರ್ಷಿಕ ಆಯವ್ಯಯವನ್ನು ಚರ್ಚಿಸುವುದಕ್ಕೂ ಅವಕಾಶ ಕೊಟ್ಟರು. ಪ್ರಜಾಪ್ರತಿನಿಧಿ ಸಭೆಗೆ 1917ರಲ್ಲಿ ಎರಡನೆಯ ಅಧಿವೇಶನ ದೊರೆಯಿತು. ಮಹಾರಾಜರ ಜನ್ಮದಿನೋತ್ಸವದ ಸುಮಾರಿಗೆ ಸೇರುತ್ತಿದ್ದುದರಿಂದ ಅದಕ್ಕೆ ವರ್ಧಂತಿ ಅಧಿವೇಶನವೆಂಬ ಹೆಸರು ಬಂದಿತು. ದಸರೆಗೆ ಸೇರಿದಾಗ ಹಣ ಆಗಲೇ ಹಂಚಿಹೋಗಿರುತ್ತಿತ್ತು. ವರ್ಧಂತಿಯ ಹೊತ್ತಿಗೆ ಆಯವ್ಯಯದ ಅಂದಾಜು ಇನ್ನೂ ಬಿಸಿಯಾಗಿರುತ್ತಿತ್ತು. ಸಮಯದ ಈ ಸಣ್ಣ ಬದಲಾವಣೆ ದೊಡ್ಡ ನಿಯಮಾವಳಿಗಿಂತ ಹೆಚ್ಚು ಕೆಲಸ ಮಾಡಿತೆಂದು ಹೇಳಿದರೆ ಉತ್ಪ್ರೇಕ್ಷೆಯಾಗಲಾರದು. ಆದರೆ ಅರಮನೆಯ ಖರ್ಚು, ಬ್ರಿಟಿಷರಿಗೆ ತೆರುತ್ತಿದ್ದ ಪೊಗದಿ ಇವು ಚರ್ಚೆಗೆ ಹೊರತಾದ ವಿಷಯಗಳಾಗಿಯೇ ಉಳಿದವು.

ಪ್ರತಿನಿಧಿಗಳು ಯಾರನ್ನು ಪ್ರತಿನಿಧಿಸುತ್ತಿದ್ದಾರೆ ಎಂಬ ಪ್ರಶ್ನೆ, ಮೂರೂವರೆ ದಶಕ ಅದುಮಿಟ್ಟ ಬಳಿಕ, ಇದೇ ಸಮಯದಲ್ಲಿ ಮೇಲೆದ್ದಿತು. ಲಿಂಗಾಯತ ವಿದ್ಯಾನಿಧಿ, ಒಕ್ಕಲಿಗರ ಸಂಘ, ಸೆಂಟ್ರಲ್ ಮಹಮ್ಮದನ್ ಅಸೋಸಿಯೇಷನ್ ಮೊದಲಾದವು ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಹುಟ್ಟಿ, ಶಿಕ್ಷಣದಲ್ಲಿ ಸಂಘಟನೆಯ ಅನುಭವ ಪಡೆದಿದ್ದವು. 1917ರಲ್ಲಿ ರೂಪುಗೊಂಡ ಪ್ರಜಾಮಿತ್ರ ಮಂಡಲಿಯು ಬ್ರಾಹ್ಮಣೇತರರಿಗೆ ಹುದ್ದೆಗಳಲ್ಲಿಯೂ ಸಭೆಗಳಲ್ಲಿಯೂ ತಕ್ಕ ಪಾಲು ಬೇಕೆಂದು ಕೇಳಿತು. ಮುಂದಿನ ವರ್ಷ ಮಹಾರಾಜರು ಮುಖ್ಯ ನ್ಯಾಯಾಧೀಶ ಸರ್ ಲೆಸ್ಲಿ ಮಿಲ್ಲರರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿದರು. ವಿಶ್ವೇಶ್ವರಯ್ಯನವರು ಭಿನ್ನಾಭಿಪ್ರಾಯದಿಂದ ಹುದ್ದೆ ಬಿಟ್ಟರು. ಹಿಂದುಳಿದ ವರ್ಗಗಳಿಗೆ ಸರ್ಕಾರಿ ಕೆಲಸಗಳಲ್ಲಿ ಆದ್ಯತೆ ಕೊಡಬೇಕೆಂಬ ಆ ಸಮಿತಿಯ ವರದಿಯನ್ನು ಹುದ್ದೆಗಳ ಚರಿತ್ರೆಯೊಳಗೆ ಮಾತ್ರ ಇರಿಸಿ ನೋಡುವುದು ರೂಢಿಯಾಗಿದೆ. ಆದರೆ ಪ್ರಾತಿನಿಧ್ಯವೆಂದರೆ ಕಂದಾಯ ಕಟ್ಟುವವನ ಪ್ರಾತಿನಿಧ್ಯವಷ್ಟೇ ಅಲ್ಲ ಎಂಬ ವಾದ ಸಂಸ್ಥಾನದಲ್ಲಿ ಗಟ್ಟಿಯಾದದ್ದು ಇಲ್ಲಿಂದಲೇ.

ಸಭೆಯ ಬಾಳಿನಲ್ಲಿ ನಡುಗಂಬವೆನ್ನಬಹುದಾದ ಬದಲಾವಣೆ 1923ರಲ್ಲಿ ಬಂದಿತು. ಮೈಸೂರು ವಿಶ್ವವಿದ್ಯಾನಿಲಯದ ಉಪಕುಲಪತಿಯಾಗಿದ್ದ, ವೃತ್ತಿಯಿಂದ ದಾರ್ಶನಿಕರಾದ ಬ್ರಜೇಂದ್ರನಾಥ ಸೀಲರ ಅಧ್ಯಕ್ಷತೆಯ ಸಮಿತಿಯೊಂದಕ್ಕೆ ಸಂಸ್ಥಾನದ ರಾಜ್ಯಾಂಗವನ್ನು ಕುರಿತು ವರದಿ ಮಾಡುವ ಕೆಲಸವನ್ನು ಒಪ್ಪಿಸಲಾಗಿತ್ತು. ವೆಸ್ಟ್‌ಮಿನ್‌ಸ್ಟರ್ ಮಾದರಿಯ ಕೆಳಮನೆ, ಮೇಲ್ಮನೆಗಳನ್ನು ಇಲ್ಲಿಗೆ ಎತ್ತಿ ತರುವುದರಲ್ಲಿ ಸೀಲರಿಗೆ ಆಸಕ್ತಿಯಿರಲಿಲ್ಲ. ನ್ಯಾಯವಿಧಾಯಕ ಸಭೆಯು ಕಾನೂನಿನ ವಿವರಗಳನ್ನು ರೂಪಿಸಲಿ. ಪ್ರಜಾಪ್ರತಿನಿಧಿ ಸಭೆಯು, ಹೆಚ್ಚು ಜನರನ್ನೂ ಹೆಚ್ಚು ಊರುಗಳನ್ನೂ ಒಳಗೊಂಡ ಕೂಟವಾಗಿ, ಕಾನೂನು ಬೇಕೆ ಬೇಡವೆ ಎಂಬ ಮೂಲಪ್ರಶ್ನೆಯಲ್ಲಿ ಜನರ ಮನಸ್ಸನ್ನು ತಿಳಿಸಲಿ ಎಂಬುದು ಅವರ ಕಲ್ಪನೆ. ಇದರ ಆಧಾರದ ಮೇಲೆ ಬಂದ 1923ರ ಎರಡು ಶಾಸನಗಳಿಂದ, ನಲವತ್ತೆರಡು ವರ್ಷ ಕೇವಲ ಸರ್ಕಾರದ ಆಜ್ಞೆಯ ಮೇಲೆ ನಿಂತಿದ್ದ ಪ್ರಜಾಪ್ರತಿನಿಧಿ ಸಭೆಗೆ ಶಾಸನದ ನೆಲೆ ದೊರೆಯಿತು. ಸದಸ್ಯರ ಸಂಖ್ಯೆಯನ್ನು 250 ಎಂದು ಗೊತ್ತುಪಡಿಸಿ, ಮತದಾನದ ಆಸ್ತಿ ಅರ್ಹತೆಯನ್ನು ಇಳಿಸಿ, ಅಲ್ಪಸಂಖ್ಯಾತರಿಗೂ ಆದಿಕರ್ನಾಟಕರೇ ಮೊದಲಾದ ದಲಿತ ಸಮುದಾಯಗಳಿಗೂ ಪ್ರಾತಿನಿಧ್ಯದ ಏರ್ಪಾಡು ಮಾಡಲಾಯಿತು. ಹೆಂಗಸೆಂಬ ಕಾರಣಕ್ಕೆ ಮತವಿಲ್ಲವೆಂಬ ನಿರ್ಬಂಧವನ್ನು ತೆಗೆದುಹಾಕಿದ್ದರಿಂದ, ಆಸ್ತಿಯ ಅರ್ಹತೆಯುಳ್ಳ ಸ್ತ್ರೀಯರು ಪುರುಷರ ಸಮಕ್ಕೆ ಮತದಾರರಾದರು. ನ್ಯಾಯವಿಧಾಯಕ ಸಭೆಯ ಬಲ 50ಕ್ಕೆ ಏರಿ, ಆಯವ್ಯಯದ ಬೇಡಿಕೆಗಳ ಮೇಲೆ ಮತ ಹಾಕುವ ಅಧಿಕಾರ ಅದಕ್ಕೆ ಬಂದಿತು.

ಈ ಶಾಸನದ ತಿರುಳು ಒಂದು ನಿಬಂಧನೆಯಲ್ಲಿದೆ. ತುರ್ತು ಸಂದರ್ಭಗಳನ್ನು ಬಿಟ್ಟರೆ, ಯಾವುದೇ ಮಸೂದೆಯನ್ನು ನ್ಯಾಯವಿಧಾಯಕ ಸಭೆಯಲ್ಲಿ ಮಂಡಿಸುವ ಮೊದಲು ಅದರ ಸಾಮಾನ್ಯ ತತ್ವಗಳ ಬಗ್ಗೆ ಪ್ರಜಾಪ್ರತಿನಿಧಿ ಸಭೆಯ ಅಭಿಪ್ರಾಯವನ್ನು ಕೇಳತಕ್ಕದ್ದು. ಹೊಸ ತೆರಿಗೆ ಹಾಕುವುದಿದ್ದರೂ ಹಾಗೆಯೇ. ಆ ಅಭಿಪ್ರಾಯ ಸರ್ಕಾರವನ್ನು ಕಟ್ಟಿಹಾಕುತ್ತಿರಲಿಲ್ಲ, ಕಾರ್ಯಾಂಗವು ಎರಡೂ ಸಭೆಗಳಿಗೆ ಹೊಣೆಯಾಗಿರಲಿಲ್ಲ, ದಿವಾನರೇ ಎರಡಕ್ಕೂ ಅಧ್ಯಕ್ಷರು. ಆದ್ದರಿಂದ ಇದು ತೋರಿಕೆಯ ಸುಧಾರಣೆಯೆಂದು ಮೂಗು ಮುರಿದವರಿದ್ದರು, ಅವರ ಮಾತಿನಲ್ಲಿ ಸತ್ಯವೂ ಇತ್ತು. ಆದರೂ ನಿಬಂಧನೆಯ ಪರಿಣಾಮವನ್ನು ತಳ್ಳಿಹಾಕಲಾಗದು. ಮಸೂದೆಯು ಕಾನೂನು ಇಲಾಖೆಯ ಕೋಣೆಯಿಂದ ನೇರವಾಗಿ ಶಾಸನ ಪುಸ್ತಕಕ್ಕೆ ಹಾರುವಂತಿರಲಿಲ್ಲ. ತಾಲ್ಲೂಕುಗಳಿಂದ ಬಂದ 250 ಜನರ ಎದುರು, ಅವರಿಗೆ ತಿಳಿಯುವ ಮಾತಿನಲ್ಲಿ, ಅದು ಯಾಕೆ ಬೇಕೆಂದು ಸರ್ಕಾರ ಹೇಳಬೇಕಾಗಿತ್ತು. ಹಿಂದೂ ಸ್ತ್ರೀಯರಿಗೆ ಆಸ್ತಿಯಲ್ಲಿ ಹಕ್ಕು ಕೊಟ್ಟ 1933ರ ಮೈಸೂರು ಶಾಸನವು ಕೆ. ಎಸ್. ಚಂದ್ರಶೇಖರ ಅಯ್ಯರರ ಸಮಿತಿಯ ವರದಿ, ಸಾರ್ವಜನಿಕ ವಾದವಿವಾದ, ಸಭೆಗಳ ಚರ್ಚೆ ಇವುಗಳ ಮೂಲಕ ಹಾದು ಬಂದಿತು; ಬ್ರಿಟಿಷ್ ಭಾರತದಲ್ಲಿ ಅಂಥ ಶಾಸನ ಬಂದದ್ದು 1937ರಲ್ಲಿ.

ಸಭೆಯ ಮಿತಿಯೂ ಅದೇ ದಶಕದಲ್ಲಿ ಸ್ಪಷ್ಟವಾಯಿತು. ಇರ್ವಿನ್ ನಾಲೆಯ ಅಚ್ಚುಕಟ್ಟಿನ ರೈತರು, ನೀರಾವರಿಯ ಹೆಸರಿನಲ್ಲಿ ತಮ್ಮ ಮೇಲೆ ಹೇರಿದ ವಂತಿಗೆಯ ವಿರುದ್ಧ, ಮಂಡ್ಯದ ಸೀಮೆಯಿಂದ ಬೆಂಗಳೂರಿಗೆ ನಡೆದೇ ಹೋಗಿ ಸರ್ಕಾರಕ್ಕೆ ಅಹವಾಲು ಸಲ್ಲಿಸಬೇಕಾಯಿತು. ಅಹವಾಲನ್ನು ಕೇಳಲೆಂದೇ ಹುಟ್ಟಿದ ಸಭೆಯೊಂದು ಐವತ್ತು ವರ್ಷದಿಂದ ನಡೆಯುತ್ತಿದ್ದ ನಾಡಿನಲ್ಲಿ ರೈತರು ರಸ್ತೆಗಿಳಿಯಬೇಕಾಯಿತೆಂದರೆ, ಹೇಳಿಕೊಳ್ಳುವ ಅವಕಾಶಕ್ಕೂ ಮಾಡಿಸಿಕೊಳ್ಳುವ ಅಧಿಕಾರಕ್ಕೂ ಇರುವ ದೂರ ಅವರಿಗೆ ಮನವರಿಕೆಯಾಗಿತ್ತೆಂದೇ ಅರ್ಥ. 1926ರಿಂದ 1941ರವರೆಗೆ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲರು ನಗರಗಳನ್ನೂ ಕಾರ್ಖಾನೆಗಳನ್ನೂ ಕಟ್ಟಿದ ಸಮರ್ಥ ಆಡಳಿತಗಾರರು. ಜವಾಬ್ದಾರಿ ಸರ್ಕಾರದ ವಿಷಯದಲ್ಲಿ, ಅಂದರೆ ಮಂತ್ರಿಗಳು ಚುನಾಯಿತ ಸಭೆಯ ವಿಶ್ವಾಸವಿರುವವರೆಗೆ ಮಾತ್ರ ಅಧಿಕಾರದಲ್ಲಿರಬೇಕೆಂಬ ಪದ್ಧತಿಯ ವಿಷಯದಲ್ಲಿ, ಅವರು ಹಿಂಜರಿಯುತ್ತಲೇ ನಡೆದರು.

1937ರಲ್ಲಿ ಬ್ರಾಹ್ಮಣೇತರ ಮುಂದಾಳುಗಳೂ ಕಾಂಗ್ರೆಸ್ಸಿಗರೂ ಒಂದಾಗಿ ಮೈಸೂರು ಕಾಂಗ್ರೆಸ್ ಬಲಗೊಂಡಿತು. 1938ರ ಏಪ್ರಿಲಿನಲ್ಲಿ ಮದ್ದೂರಿನ ಹತ್ತಿರದ ಶಿವಪುರದಲ್ಲಿ ನಿಷೇಧವನ್ನು ಮುರಿದು ರಾಷ್ಟ್ರಧ್ವಜವನ್ನು ಹಾರಿಸಲಾಯಿತು. ಅದೇ ತಿಂಗಳ 25ರಂದು ಗೌರಿಬಿದನೂರಿನ ಬಳಿಯ ವಿದುರಾಶ್ವತ್ಥದಲ್ಲಿ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿ ಹಲವರು ಸತ್ತರು. ಬಳಿಕ ಸರ್ದಾರ್ ಪಟೇಲರ ಮಧ್ಯಸ್ಥಿಕೆಯಿಂದ ರಾಜಿಯಾಗಿ ಸುಧಾರಣಾ ಸಮಿತಿಯೊಂದು ಕೆಲಸ ಮಾಡಿತು. 1940ರ ಮೈಸೂರು ಸರ್ಕಾರ ಶಾಸನವು ಪ್ರಜಾಪ್ರತಿನಿಧಿ ಸಭೆಯನ್ನು 310 ಸದಸ್ಯರಿಗೂ ನ್ಯಾಯವಿಧಾಯಕ ಸಭೆಯನ್ನು 68 ಸದಸ್ಯರಿಗೂ ಬೆಳೆಸಿ, ದಿವಾನರ ಮಂತ್ರಿಮಂಡಲದಲ್ಲಿ ಅಧಿಕಾರಿಗಳಲ್ಲದವರಿಗೆ ಸ್ಥಾನ ಕೊಟ್ಟಿತು. ಮಂತ್ರಿಗಳು ಮಾತ್ರ ಮಹಾರಾಜರಿಗೇ ಹೊಣೆಯಾಗಿ ಉಳಿದರು. ಹೊಸ ಚುನಾವಣೆಯಲ್ಲಿ ಕಾಂಗ್ರೆಸ್ ದೊಡ್ಡ ಪಕ್ಷವಾಗಿ ಬಂದು, ದಸರೆಯ ಸಭೆಯಲ್ಲಿ ಅಹವಾಲು ಓದುವ ಬದಲು ಸರ್ಕಾರವನ್ನೇ ಪ್ರಶ್ನಿಸತೊಡಗಿತು. 1942ರ ಚಳವಳಿಯಲ್ಲಿ ಅದರ ಮುಂದಾಳುಗಳು ಜೈಲು ಸೇರಿದರು.

ದೇಶ ಸ್ವತಂತ್ರವಾದ ಮೇಲೂ ಮೈಸೂರಿನಲ್ಲಿ ಜವಾಬ್ದಾರಿ ಸರ್ಕಾರ ಬರದಿದ್ದಾಗ, 1947ರ ಸೆಪ್ಟೆಂಬರಿನಲ್ಲಿ ಮೈಸೂರು ಚಲೋ ಎಂಬ ಸತ್ಯಾಗ್ರಹ ಆರಂಭವಾಯಿತು. ಅಕ್ಟೋಬರಿನಲ್ಲಿ ಆಗಿನ ಮಹಾರಾಜ ಜಯಚಾಮರಾಜ ಒಡೆಯರು ಒಪ್ಪಿ, ಕೆ. ಸಿ. ರೆಡ್ಡಿಯವರ ನೇತೃತ್ವದ ಮಂತ್ರಿಮಂಡಲ ಅಧಿಕಾರ ವಹಿಸಿಕೊಂಡಿತು. ಸಂಸ್ಥಾನಕ್ಕೆ ರಾಜ್ಯಾಂಗ ಬರೆಯಲು ಚುನಾಯಿತವಾದ ಸಂವಿಧಾನ ಸಭೆಯು ಭಾರತದ ಸಂವಿಧಾನವನ್ನೇ ಮೈಸೂರಿಗೂ ಅನ್ವಯಿಸಬೇಕೆಂದು ನಿರ್ಧರಿಸಿ, ಮುಂದೆ ತಾನೇ ತಾತ್ಕಾಲಿಕ ಶಾಸನ ಸಭೆಯಾಯಿತು. 1949ರ ಡಿಸೆಂಬರಿನಲ್ಲಿ ಪ್ರಜಾಪ್ರತಿನಿಧಿ ಸಭೆಯೂ ಹಳೆಯ ನ್ಯಾಯವಿಧಾಯಕ ಸಭೆಯೂ ರದ್ದಾದವು. ವಯಸ್ಕರೆಲ್ಲರಿಗೂ ಮತ ಬರಲಿದ್ದ ಕಾಲದಲ್ಲಿ ಆಸ್ತಿಯ ಮತದಾರರ ಸಭೆಗಾಗಿ ಮರುಗುವವರು ಹೆಚ್ಚು ಮಂದಿ ಇರಲಿಲ್ಲ, ಇರಬೇಕಾಗಿಯೂ ಇರಲಿಲ್ಲ.

ಆದರೂ ಆ ಸಭೆಯೊಂದಿಗೆ ಹೋದ ಒಂದು ಏರ್ಪಾಡಿನ ಜಾಗ ಇಂದಿಗೂ ಖಾಲಿಯಾಗಿದೆ. ಇಂದಿನ ಕರ್ನಾಟಕದಲ್ಲಿ ನಾಗರಿಕನು ಶಾಸಕನನ್ನು ಚುನಾಯಿಸುತ್ತಾನೆ, ಸದನದ ಅರ್ಜಿಗಳ ಸಮಿತಿಗೆ ಅರ್ಜಿ ಸಲ್ಲಿಸಬಹುದು, ಶಾಸನದಡಿಯ ನಿಯಮಗಳ ಕರಡು ರಾಜ್ಯಪತ್ರದಲ್ಲಿ ಪ್ರಕಟವಾದಾಗ ಗೊತ್ತುಪಡಿಸಿದ ದಿನಗಳೊಳಗೆ ಆಕ್ಷೇಪಣೆಯನ್ನೂ ಸಲಹೆಯನ್ನೂ ಬರೆದು ಕಳುಹಿಸಬಹುದು. ಸದನವು ಮಸೂದೆಯೊಂದನ್ನು ಜನಾಭಿಪ್ರಾಯಕ್ಕಾಗಿ ಪ್ರಸಾರ ಮಾಡಲು ಅಥವಾ ಪರಿಶೀಲನಾ ಸಮಿತಿಗೆ ಒಪ್ಪಿಸಲು ಮನಸ್ಸು ಮಾಡಿದರೆ ಅಲ್ಲಿಯೂ ಅವನ ಮಾತಿಗೆ ಅವಕಾಶವುಂಟು. ಮಸೂದೆಗಳ ಕರಡನ್ನು ಮೂವತ್ತು ದಿನ ಜನರ ಮುಂದಿಡಬೇಕೆಂದು ಕೇಂದ್ರ ಸರ್ಕಾರ 2014ರಲ್ಲಿ ಹೇಳಿದ್ದು ನೀತಿಯಾಗಿ, ಕಾನೂನಾಗಿ ಅಲ್ಲ. ಮಂಡನೆಗೆ ಮುಂಚೆ ಮಸೂದೆಯ ತತ್ವವನ್ನು ಜನರ ಪ್ರತಿನಿಧಿಗಳ ಪ್ರತ್ಯೇಕ ಕೂಟವೊಂದರ ಎದುರು ಇಡಲೇಬೇಕೆಂದು 1923ರ ಮೈಸೂರಿನ ಶಾಸನ ವಿಧಿಸಿದ್ದಂಥ ಕಡ್ಡಾಯ ಇಂದು ಕೇಂದ್ರದಲ್ಲಿಯೂ ಇಲ್ಲ, ಕರ್ನಾಟಕದಲ್ಲಿಯೂ ಇಲ್ಲ.